ಮೂರು ತಿಂಗಳಿಂದ ಹಕ್ಕಿಗೂಡಿನ ಬುರುಡೆ ನೇತುಹಾಕಿದ್ದೇನೆ, ಪರ್ಪಲ್ ಮಾರ್ಟಿನ್ ಬಂದು ಕೂತು ಹೋಗುತ್ತವೆ, ಉಳಿಯುತ್ತಿಲ್ಲ

ಕ್ಯಾರಿ_ಸುಮಾ
ಮೇ 9

ಎಲ್ಲರಿಗೂ ನಮಸ್ಕಾರ. ನಾವಿರುವುದು ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ. ಮನೆ ಹಿತ್ತಿಲಲ್ಲಿ ಕವಲುತೋಕೆ ಬಳಗದ ಹಕ್ಕಿ ಪರ್ಪಲ್ ಮಾರ್ಟಿನ್‌ಗೆ ಗೂಡು ಇಟ್ಟವರು ನಮ್ಮವರಲ್ಲಿ ಯಾರಾದರೂ ಇದ್ದರೆ ದಾರಿ ಹೇಳಿ. ಸ್ವಲ್ಪ ಉದ್ದ ಬರೆಯುತ್ತೇನೆ, ಏನು ತಪ್ಪಾಗಿದೆ ಅಂತ ನಿಮಗೆ ಗೊತ್ತಾಗಬೇಕಲ್ವಾ.

ಇದರ ಹುಚ್ಚು ಹಿಡಿದದ್ದು ಎರಡು ವರ್ಷದ ಹಿಂದೆ. ಜುಲೈ ಕೊನೆಯಲ್ಲಿ ಸಮುದ್ರದ ಕಡೆ ಹೊರಟಿದ್ದೆವು. ಮ್ಯಾನ್ಸ್ ಹಾರ್ಬರ್‌ನಿಂದ ರೋನೋಕ್ ದ್ವೀಪಕ್ಕೆ ಹೋಗುವ ಹಳೇ ಸೇತುವೆ ಇದೆಯಲ್ಲ, ಉಮ್‌ಸ್ಟೆಡ್ ಬ್ರಿಡ್ಜ್, ಬೇಸಿಗೆಯ ಕೊನೆಗೆ ಸುಮಾರು ಒಂದು ಲಕ್ಷ ಮಾರ್ಟಿನ್ ಅದರ ಅಡಿಯಲ್ಲಿ ರಾತ್ರಿ ತಂಗುತ್ತವೆ. ಹಕ್ಕಿಗಳಿಗೆ ಕಾರು ಬಡಿಯಬಾರದು ಅಂತ ಆ ಹೊತ್ತಿನಲ್ಲಿ ಅಲ್ಲಿ ವೇಗ ಇಳಿಸುತ್ತಾರೆ. ನಮಗೆ ಇದೇನೂ ಗೊತ್ತಿರಲಿಲ್ಲ. ಸುಮ್ನೆ ಕಾಲು ಚಾಚೋಣ ಅಂತ ಈಚೆ ದಡದಲ್ಲಿ ಇಳಿದೆವು. ಮೊದಲು ನಾಲ್ಕೈದು ಚುಕ್ಕಿ ಕಂಡವು. ಹತ್ತು ನಿಮಿಷದಲ್ಲಿ ಎಳ್ಳು ಚೆಲ್ಲಿದ ಹಾಗೆ ಆಕಾಶವೆಲ್ಲ ಕಪ್ಪು. ನೀರಿನ ಮೇಲೆ ಸುತ್ತಿ ಸುತ್ತಿ, ಕತ್ತಲಾಗುತ್ತಿದ್ದಂತೆ ಒಂದೇ ಸಲ ಸೇತುವೆ ಅಡಿಗೆ ಸುರಿದ ಹಾಗೆ ಇಳಿದವು. ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದಳು. ಇವು ಮುಂದೆ ದಕ್ಷಿಣ ಅಮೆರಿಕಕ್ಕೆ, ಬ್ರೆಜಿಲ್ ತನಕ ಹೋಗುತ್ತವೆ, ಮತ್ತೆ ಬೇಸಿಗೆಗೆ ಮನುಷ್ಯರು ಕಟ್ಟಿಕೊಟ್ಟ ಮನೆಗೇ ವಾಪಸ್ ಬರುತ್ತವೆ ಅಂತ ಓದಿದ ಮೇಲೆ ನಮ್ಮ ಮನೆಗೂ ಬರಲಿ ಅಂತ ಆಸೆ ಆಯಿತು.

ಈ ವರ್ಷ ಫೆಬ್ರವರಿಯಲ್ಲಿ 14 ಅಡಿ ಕಂಬ ನೆಟ್ಟೆವು. ಹಗ್ಗ ಎಳೆದು ಇಳಿಸಬಹುದಾದ ನಮೂನೆ. ಅದಕ್ಕೆ ಆರು ಬಿಳಿ ಪ್ಲಾಸ್ಟಿಕ್ ಬುರುಡೆ, ಅಂದರೆ ಸೋರೆಬುರುಡೆ ಆಕಾರದ ಗೂಡು. ಹಿತ್ತಿಲ ಆಚೆ ಬಡಾವಣೆಯ ಮಳೆನೀರು ನಿಲ್ಲುವ ಕೊಳ ಇದೆ. ಎಡಗಡೆ ಪೈನ್ ಮರಗಳ ಸಾಲು. ರಸ್ತೆಗೆ ಕಾಣಬಾರದು ಅಂತ ಬಡಾವಣೆ ಸಂಘದವರು ಹೇಳಿದ್ದರಿಂದ ಕಂಬವನ್ನು ಮರಗಳ ಕಡೆಗೇ ನೆಟ್ಟಿದ್ದೇವೆ. ಮರದಿಂದ 25 ಅಡಿ ಇರಬಹುದು.

ಮಾರ್ಚ್ 14ಕ್ಕೆ ಎರಡು ಬಂದವು. ಒಂದು ಪೂರ್ತಿ ಕಡುನೀಲಿ, ಬಿಸಿಲು ಬಿದ್ದಾಗ ಹೊಸ ರೇಷ್ಮೆ ಸೀರೆ ಥರ ಹೊಳೆಯುತ್ತಿತ್ತು. ಇನ್ನೊಂದು ಬೂದು ಎದೆಯದು. ಹತ್ತು ನಿಮಿಷ ಕೂತು, ಬುರುಡೆ ಬಾಯಲ್ಲಿ ಇಣುಕಿ, ಹೊರಟೇ ಹೋದವು. ಏಪ್ರಿಲ್‌ನಲ್ಲಿ ಇನ್ನೂ ಮೂರು ಸಲ ಹೀಗೇ ಆಯಿತು. ಈಗ ಆರರಲ್ಲಿ ಮೂರು ಬುರುಡೆಯಲ್ಲಿ ಗುಬ್ಬಚ್ಚಿ ಗೂಡು ಕಟ್ಟಿವೆ. ನಮ್ಮ ಊರಿನ ಗುಬ್ಬಚ್ಚಿಯೇ, ಅದೇ ಕಪ್ಪು ಗಡ್ಡ, ಅದೇ ಚಿಂವ್ ಚಿಂವ್. ಗಂಡು ಬುರುಡೆ ಮೇಲೆ ಕೂತು ಯಾರನ್ನೂ ಹತ್ತಿರ ಬಿಡುವುದಿಲ್ಲ.

ಅತ್ತೆ ಹಾಸನದಿಂದ ಬಂದಿದ್ದಾರೆ, ಆಗಸ್ಟ್ ತನಕ ಇರುತ್ತಾರೆ. ಗುಬ್ಬಚ್ಚಿ ನೋಡಿ ಅವರಿಗೆ ಎಷ್ಟು ಸಂತೋಷ ಅಂದರೆ ದಿನಾ ಬೆಳಗ್ಗೆ ಡೆಕ್ ಮೇಲೆ ಒಂದು ಹಿಡಿ ಅಕ್ಕಿನುಚ್ಚು ಹಾಕುತ್ತಾರೆ. ಊರಿನ ಮನೆ ಜಗಲಿಯಲ್ಲಿ ಭತ್ತದ ತೆನೆ ಕಟ್ಟಿ ಗುಬ್ಬಿಗೆ ಬಿಡುತ್ತಿದ್ದರಂತೆ. ಹತ್ತು ವರ್ಷದಿಂದ ಅಲ್ಲಿ ಒಂದೂ ಕಾಣುತ್ತಿಲ್ಲ, ಇಲ್ಲಿ ಸಿಕ್ಕಿತಲ್ಲ ಅಂತಾರೆ. ಗೂಡು ತೆಗೆದು ಹಾಕು ಅಂತ ಇಲ್ಲಿನವರು ನನಗೆ ಹೇಳುತ್ತಾರೆ. ಕೈ ಬರುತ್ತಿಲ್ಲ.

ಈ ವರ್ಷದ ಕಥೆ ಮುಗಿಯಿತಾ? ಮೊದಲು ಬರುವ ಹಕ್ಕಿಗಳು ಜಾಗ ನೋಡಲು ಬರುವ ದೂತರು, ಅವು ಒಪ್ಪದಿದ್ದರೆ ಉಳಿದವೂ ಬರಲ್ಲ ಅಂತ ಒಬ್ಬರು ಹೇಳಿದರು, ನಿಜವಾ? ಇನ್ನೊಂದು, ಮಾರ್ಟಿನ್ ಬಂದರೆ ಸೊಳ್ಳೆ ಕಾಟ ತಪ್ಪುತ್ತದೆ ಅಂತ ಪಕ್ಕದ ಮನೆಯವರಿಗೆ ಹೇಳಿ ಒಪ್ಪಿಸಿದ್ದೇನೆ. ಅದಾದರೂ ಸರಿಯಾ?


ಲ್ಯಾಂಕಾಸ್ಟರ್_ಗೌಡ
ಮೇ 9

ಸುಮಾ ಅವರೇ, ಕಥೆ ಮುಗಿದಿಲ್ಲ. ನಿಮಗೆ ಬೇಕಾದ ಹಕ್ಕಿಗಳು ಬರುವ ಹೊತ್ತು ಇದೇ.

ನಾನು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕಡೆ ಇದ್ದೇನೆ. ಸುತ್ತ ಎಲ್ಲ ಆಮಿಶ್ ಜನರ, ಅಂದರೆ ಹಳೇ ರೀತಿಯಲ್ಲೇ ಬದುಕುವ ಕ್ರೈಸ್ತ ಪಂಗಡದವರ ಹೊಲ. ಅವರಿಗೆ ಈ ಹಕ್ಕಿ ಅಂದರೆ ಪ್ರಾಣ, ಎಷ್ಟೋ ಮನೆಗಳ ಮುಂದೆ ಕಂಬ ಇರುತ್ತದೆ. ನಾನು ಕಲಿತದ್ದು ಪಕ್ಕದ ಹೊಲದ ಅಜ್ಜನ ಹತ್ತಿರ. ನನ್ನ ಕಂಬ ಎರಡು ವರ್ಷ ಖಾಲಿ ನಿಂತಿತ್ತು, ಮೂರನೇ ವರ್ಷ ಒಂದು ಜೋಡಿ, ಈಗ 22 ಜೋಡಿ.

ದೂತರ ಮಾತು ಹಳೇ ಕಾಲದಿಂದ ಬಂದ ತಪ್ಪು ನಂಬಿಕೆ. ಮೊದಲು ಬರುವವು ವಯಸ್ಸಾದ ಹಕ್ಕಿಗಳು. ಅವು ಯಾರಿಗೋ ಜಾಗ ಹುಡುಕಲು ಬರುವುದಲ್ಲ, ಹೋದ ವರ್ಷ ತಾವು ಮರಿ ಮಾಡಿದ ಮನೆಗೆ ವಾಪಸ್ ಹೋಗುತ್ತಿರುತ್ತವೆ. ದಾರಿಯಲ್ಲಿ ನಿಮ್ಮ ಬುರುಡೆ ಕಂಡಿತು, ಇಣುಕಿ ನೋಡಿದವು, ಅಷ್ಟೇ. ಹೊಸ ಜಾಗ ಹುಡುಕುವವು ಹೋದ ವರ್ಷ ಹುಟ್ಟಿದ ಮರಿಗಳು. ಅವು ದೊಡ್ಡವು ಬಂದ ಮೇಲೆ ನಾಲ್ಕು ವಾರ, ಎಂಟು ವಾರ, ಕೆಲವು ಸಲ ಇನ್ನೂ ತಡವಾಗಿ ಬರುತ್ತವೆ. ನಿಮ್ಮ ಕಡೆ ಏಪ್ರಿಲ್ ಕೊನೆಯಿಂದ ಜೂನ್ ತನಕ. ನೋಡಲು ಹೆಣ್ಣಿನ ಹಾಗೇ ಎದೆ ಬೂದು. ಗಂಡಾದರೆ ಎದೆ ಮೇಲೆ, ಗಂಟಲಲ್ಲಿ ಅಲ್ಲಲ್ಲಿ ಶಾಯಿ ಚೆಲ್ಲಿದ ಹಾಗೆ ನೀಲಿ ಮಚ್ಚೆ ಇರುತ್ತದೆ. ಎಷ್ಟೋ ಜನ ಏಪ್ರಿಲ್‌ನಲ್ಲೇ ಬೇಸರಪಟ್ಟು ಕಂಬ ಇಳಿಸುತ್ತಾರೆ, ಇಲ್ಲ ಗುಬ್ಬಿಗೆ ಬಿಟ್ಟುಕೊಡುತ್ತಾರೆ, ಸರಿಯಾಗಿ ಆಗ ಈ ಎಳೆಯವು ಬರುತ್ತವೆ. ಜುಲೈ ತನಕ ಬಾಗಿಲು ತೆರೆದಿಡಿ.

ಇನ್ನು ಜಾಗ. ಇದು ನಿಮ್ಮ ದೊಡ್ಡ ತೊಂದರೆ ಅಂತ ನನಗನ್ನಿಸುತ್ತದೆ. ಮರದಿಂದ 25 ಅಡಿ ಸಾಲದು. ಈ ಹಕ್ಕಿ ನೇರವಾಗಿ ಜಾರಿಕೊಂಡು ಬಂದು ಇಳಿಯಬೇಕು, ಮರದಲ್ಲಿ ಗಿಡುಗ ಕಾದು ಕೂತಿರುತ್ತದೆ ಅನ್ನುವ ಭಯ ಅದಕ್ಕೆ. ಕಡಿಮೆ ಅಂದರೂ 40 ಅಡಿ, ಸಾಧ್ಯವಾದರೆ 60. ಆದರೆ ಮನೆಯಿಂದ ತುಂಬಾ ದೂರವೂ ಬೇಡ, 30ರಿಂದ 120 ಅಡಿ ಒಳಗೆ ಇರಲಿ. ಮನುಷ್ಯರು ಓಡಾಡುವ ಕಡೆ ಗಿಡುಗ, ಗೂಬೆ ಹತ್ತಿರ ಬರುವುದು ಕಡಿಮೆ ಅಂತ ಇವಕ್ಕೆ ಗೊತ್ತು. ನಿಮ್ಮ ಕೊಳದ ಕಡೆ ಬಯಲು ಇದೆಯಲ್ಲ, ಅಲ್ಲಿಗೆ ಸರಿಸಲು ಸಂಘದವರ ಹತ್ತಿರ ಕೇಳಿ. ಕಾಗದದ ಮೇಲೆ ನಕ್ಷೆ ಬರೆದು, ಅಡಿ ಲೆಕ್ಕ ಹಾಕಿ, ಯಾಕೆ ಅಂತ ಹೇಳಿ ಕೊಡಿ.

ಸೊಳ್ಳೆ ವಿಷಯ ನಿಜವಲ್ಲ. ದಿನಕ್ಕೆ ಎರಡು ಸಾವಿರ ಸೊಳ್ಳೆ ತಿನ್ನುತ್ತದೆ ಅಂತ ಮನೆ ಮಾರುವವರು ದಶಕಗಳಿಂದ ಹೇಳಿಕೊಂಡು ಬಂದರು. ಮಾರ್ಟಿನ್ ಹಗಲಲ್ಲಿ, ಬಹಳ ಎತ್ತರದಲ್ಲಿ ಬೇಟೆಯಾಡುವ ಹಕ್ಕಿ. ಸೊಳ್ಳೆ ನೆಲದ ಹತ್ತಿರ, ಕತ್ತಲಾದ ಮೇಲೆ. ಇಬ್ಬರೂ ಭೇಟಿ ಆಗುವುದೇ ಅಪರೂಪ. ಅದರ ಊಟ ಡ್ರಾಗನ್‌ಫ್ಲೈ, ಅಂದರೆ ನಮ್ಮ ಏರೋಪ್ಲೇನ್ ಚಿಟ್ಟೆ, ದುಂಬಿ, ರೆಕ್ಕೆ ಬಂದ ಇರುವೆ, ಈಸಲು, ಪತಂಗ. ಪಕ್ಕದ ಮನೆಯವರಿಗೆ ಈಗಲೇ ಸತ್ಯ ಹೇಳಿಬಿಡಿ. ಇಲ್ಲದಿದ್ದರೆ ಸೊಳ್ಳೆ ಹೋಗಲಿಲ್ಲ ಅಂತ ಮದ್ದು ಹೊಡೆಸುತ್ತಾರೆ, ಆಮೇಲೆ ಹಕ್ಕಿಯ ಊಟವೂ ಹೋಗುತ್ತದೆ.

ಗುಬ್ಬಚ್ಚಿ ವಿಷಯ ಹೇಳಲೇಬೇಕು. ಅದು ನಮ್ಮ ಊರಿನದೇ ಜಾತಿ, ಅನುಮಾನ ಇಲ್ಲ. ಆದರೆ ಇಲ್ಲಿಗೆ ಅದನ್ನು 1851ರ ಸುಮಾರಿಗೆ ಬ್ರೂಕ್ಲಿನ್‌ಗೆ ಹಡಗಿನಲ್ಲಿ ತಂದು ಬಿಟ್ಟರು. ಸ್ಟಾರ್ಲಿಂಗ್ ಅನ್ನುವ ಯುರೋಪಿನ ಹಕ್ಕಿಯನ್ನು 1890ರಲ್ಲಿ ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ ಬಿಟ್ಟರು. ಎರಡೂ ಇಡೀ ದೇಶ ಹಬ್ಬಿ, ಪೊಟರೆಯಲ್ಲಿ ಗೂಡು ಮಾಡುವ ಇಲ್ಲಿನ ಹಕ್ಕಿಗಳ ಮನೆ ಕಿತ್ತುಕೊಂಡವು. ರಾಕಿ ಪರ್ವತದ ಪೂರ್ವಕ್ಕೆ ಮಾರ್ಟಿನ್‌ಗೆ ಈಗ ಕಾಡಿನಲ್ಲಿ ಮನೆಯೇ ಇಲ್ಲ, ಹೆಚ್ಚುಕಡಿಮೆ ಪೂರ್ತಿ ನಾವು ಕಟ್ಟಿಕೊಟ್ಟರೆ ಉಂಟು. ಗುಬ್ಬಿ ಒಳಗೆ ನುಗ್ಗಿ ಮಾರ್ಟಿನ್ ಮೊಟ್ಟೆ ಕುಕ್ಕಿ ಒಡೆಯುತ್ತದೆ, ಕಣ್ಣು ಬಿಡದ ಮರಿಯನ್ನು ಎಳೆದು ಕೆಳಗೆ ಹಾಕುತ್ತದೆ. ನಾನು ಒಂದು ಬೆಳಗ್ಗೆ ಕಂಬದ ಬುಡದಲ್ಲಿ ಐದು ಮೊಟ್ಟೆ ಆರಿಸಿದ್ದೇನೆ, ಐದಕ್ಕೂ ಸೂಜಿ ಚುಚ್ಚಿದ ಹಾಗೆ ಒಂದೊಂದು ತೂತು. ಅವತ್ತಿಂದ ನನ್ನ ಕೈ ಹಿಂಜರಿದಿಲ್ಲ.

ಒಂದೇ ಎಚ್ಚರಿಕೆ, ಗೂಡು ಮುಟ್ಟುವ ಮೊದಲು ಅದು ಗುಬ್ಬಚ್ಚಿಯದೇ ಅಂತ ಖಾತ್ರಿ ಮಾಡಿಕೊಳ್ಳಿ. ಬ್ಲೂಬರ್ಡ್, ಟ್ರೀ ಸ್ವಾಲೋ ತರಹದ ಇಲ್ಲಿನ ಹಕ್ಕಿಗಳಿಗೆ 1918ರ ವಲಸೆ ಹಕ್ಕಿಗಳ ಕಾಯಿದೆ ರಕ್ಷಣೆ ಇದೆ, ಅವುಗಳ ಮೊಟ್ಟೆ, ಮರಿ ಇರುವ ಗೂಡು ಕೀಳುವ ಹಾಗಿಲ್ಲ. ಗುಬ್ಬಚ್ಚಿಗೆ, ಸ್ಟಾರ್ಲಿಂಗ್‌ಗೆ ಆ ಕಾಯಿದೆ ಅನ್ವಯಿಸುವುದಿಲ್ಲ. ಗುಬ್ಬಿ ಗೂಡು ನೋಡಿದರೆ ಗೊತ್ತಾಗುತ್ತದೆ. ಒಣಹುಲ್ಲು, ಪುಕ್ಕ, ಪ್ಲಾಸ್ಟಿಕ್ ಚೂರು, ಸಿಕ್ಕಿದ್ದೆಲ್ಲ ತುರುಕಿ ಬುರುಡೆ ತುಂಬಿಸಿರುತ್ತದೆ, ಮೊಟ್ಟೆ ಮೇಲೆ ಕಂದು ಚುಕ್ಕಿ. ಮಾರ್ಟಿನ್ ಮೊಟ್ಟೆ ಅಚ್ಚ ಬಿಳಿ.


ಕ್ಯಾರಿ_ಸುಮಾ
ಮೇ 10

ಗೌಡರೇ, ಇಷ್ಟು ಬಿಡಿಸಿ ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ಐದು ಮೊಟ್ಟೆ ವಿಷಯ ಓದಿ ಮನಸ್ಸು ಒಂಥರಾ ಆಯಿತು. ಅತ್ತೆಗೂ ಓದಿ ಹೇಳಿದೆ. ಏನೂ ಮಾತಾಡಲಿಲ್ಲ, ಆದರೆ ಇವತ್ತು ಬೆಳಗ್ಗೆ ನುಚ್ಚಿನ ಡಬ್ಬ ಕೈಯಲ್ಲಿ ಹಿಡಿದುಕೊಂಡು ಸುಮಾರು ಹೊತ್ತು ಬಾಗಿಲಲ್ಲೇ ನಿಂತಿದ್ದರು. ನನಗೆ ಅದನ್ನು ನೋಡಲು ಆಗಲಿಲ್ಲ. ಹಕ್ಕಿಗೆ ಏನೂ ಹಾಕಬೇಡಿ ಅಂತ ಅವರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ.


ಆಸ್ಟಿನ್_ರವಿ
ಮೇ 10

ಸುಮಾ ಅಕ್ಕ, ಅತ್ತೆಯವರಿಗೆ ಏನೂ ಹಾಕಬೇಡಿ ಅನ್ನುವುದು ಬೇಡ, ಹಾಕುವ ಕಾಳು ಬದಲಿಸಿ ಸಾಕು. ಅಕ್ಕಿ, ನವಣೆ, ಒಡೆದ ಜೋಳ, ಬ್ರೆಡ್ ಚೂರು ಗುಬ್ಬಿಗೆ ಹಬ್ಬದೂಟ. ಹುಚ್ಚೆಳ್ಳು ಹಾಕಿ. ಇಲ್ಲಿ ನೈಜರ್ ಅಂತ ಹಕ್ಕಿ ಕಾಳಿನ ಅಂಗಡಿಯಲ್ಲಿ ಮಾರುತ್ತಾರಲ್ಲ, ಅದು ನಾವು ಚಟ್ನಿಪುಡಿ ಮಾಡುವ ಹುಚ್ಚೆಳ್ಳೇ, ನಮ್ಮ ದೇಶದಿಂದಲೂ ಬರುತ್ತದೆ, ಇಲ್ಲಿ ಮೊಳೆಯಬಾರದು ಅಂತ ಬಿಸಿ ಮಾಡಿ ಮಾರುತ್ತಾರೆ. ಸಣ್ಣ ತೂತಿನ ಉದ್ದನೆಯ ಕೊಳವೆಯಲ್ಲಿ ಹಾಕಿ ನೇತುಹಾಕಿದರೆ ಗೋಲ್ಡ್‌ಫಿಂಚ್ ಬರುತ್ತವೆ. ಅರಿಶಿನ ಹಚ್ಚಿದ ಹಾಗೆ ಹಳದಿ ಹಕ್ಕಿ. ಗುಬ್ಬಚ್ಚಿಗೆ ಹುಚ್ಚೆಳ್ಳು ಅಷ್ಟು ಇಷ್ಟವಿಲ್ಲ. ಕುಸುಬೆ ಹಾಕಿದರೆ ಕಾರ್ಡಿನಲ್ ಬರುತ್ತದೆ. ನಮ್ಮಮ್ಮ ಬಂದಾಗ ಹೀಗೇ ಮಾಡಿದೆವು. ದಿನಾ ಬೆಳಗ್ಗೆ ಕೆಂಪು ಹಕ್ಕಿ ಬಂತಾ ಅಂತ ಕೇಳಿಕೊಂಡೇ ಏಳುತ್ತಿದ್ದರು.

ಮಾರ್ಟಿನ್ ಕಾಳು ತಿನ್ನುವುದೇ ಇಲ್ಲ, ಹಾಗಾಗಿ ಕಾಳು ಹಾಕಿ ಅದನ್ನು ಕರೆಯುವ ದಾರಿ ಇಲ್ಲ. ಆದರೆ ಅತ್ತೆಯವರಿಗೆ ಇನ್ನೊಂದು ಕೆಲಸ ಇದೆ. ಮೊಟ್ಟೆ ಚಿಪ್ಪು ತೊಳೆದು, ಓವನ್‌ನಲ್ಲಿ ಒಣಗಿಸಿ, ಒರಟಾಗಿ ಪುಡಿ ಮಾಡಿ ತಟ್ಟೆಯಲ್ಲಿ ಬಯಲಿಗೆ ಇಡಲಿ. ಮೊಟ್ಟೆ ಇಡುವ ಹೆಣ್ಣಿಗೆ ಸುಣ್ಣದ ಅಂಶ ಬೇಕಲ್ಲ, ಅದಕ್ಕಾಗಿ ಇಳಿದು ಬರುತ್ತವೆ.

ಈಗ ಕರೆಯುವ ವಿಷಯ. ಬೆಳಗಿನ ಹಾಡು ಹಾಕಿದ್ದೀರಾ? ದೊಡ್ಡ ಗಂಡು ಮಾರ್ಟಿನ್ ಬೆಳಗಾಗುವ ಮೊದಲೇ, ನಾಲ್ಕು ನಾಲ್ಕೂವರೆಗೆ, ಕತ್ತಲಲ್ಲೇ ಮೇಲೆ ಹಾರಿಕೊಂಡು ಹಾಡುತ್ತದೆ. ಇಲ್ಲಿ ಜಾಗ ಇದೆ ಬನ್ನಿ ಅನ್ನುವ ಹಾಗೆ. ಎಳೆಯ ಹಕ್ಕಿಗಳು ಅದನ್ನು ಕೇಳಿ ಬರುತ್ತವೆ. ಅದರ ಧ್ವನಿಮುದ್ರಣ ಸಿಗುತ್ತದೆ. ಟೈಮರ್ ಹಾಕಿ ನಾಲ್ಕೂವರೆಯಿಂದ ಆರರ ತನಕ ಕಂಬದ ಕೆಳಗೆ ಸಣ್ಣ ಸ್ಪೀಕರ್‌ನಲ್ಲಿ ಬಿಡಿ, ಅಕ್ಕಪಕ್ಕದವರ ನಿದ್ದೆ ಕೆಡದಷ್ಟು ದನಿಯಲ್ಲಿ. ಮೇ ಕೊನೆ ತನಕ ನಿಲ್ಲಿಸಬೇಡಿ. ಒಂದೆರಡು ಮರದ ಅಥವಾ ಪ್ಲಾಸ್ಟಿಕ್ ಗೊಂಬೆ ಹಕ್ಕಿ ಕಂಬದ ಮೇಲೆ ಕೂರಿಸಿದರೆ ಇನ್ನೂ ಒಳ್ಳೆಯದು, ಇವು ಗುಂಪಿನಲ್ಲಿ ಇರುವ ಹಕ್ಕಿಗಳು, ಒಂಟಿ ಮನೆ ಅಂದರೆ ಅನುಮಾನ ಪಡುತ್ತವೆ.

ನಿಮ್ಮ ಬುರುಡೆಯ ಬಾಯಿ ಯಾವ ನಮೂನೆ? ಗುಂಡಗೆ ಇದ್ದರೆ 2 1/8 ಇಂಚು ಇರಬೇಕು. ಸ್ಟಾರ್ಲಿಂಗ್ ಕಾಟ ಇದ್ದರೆ ಅರ್ಧಚಂದ್ರದ ಬಾಯಿ ಹಾಕುತ್ತಾರೆ, ಅಗಲ 3 ಇಂಚು, ಎತ್ತರ 1 3/16 ಇಂಚು. ಮಾರ್ಟಿನ್ ಹೊಟ್ಟೆ ಉಜ್ಜಿಕೊಂಡು ನುಸುಳುತ್ತದೆ, ಸ್ಟಾರ್ಲಿಂಗ್‌ನ ಎದೆ ದಪ್ಪ, ಸಿಕ್ಕಿಕೊಳ್ಳುತ್ತದೆ. ಕೂದಲೆಳೆಯಷ್ಟು ಎತ್ತರ ಜಾಸ್ತಿಯಾದರೂ ಅದು ಒಳಗೆ. ಆದರೆ ಗುಬ್ಬಿಯನ್ನು ಯಾವ ಬಾಯಿಯೂ ತಡೆಯುವುದಿಲ್ಲ, ಅದು ಸಣ್ಣದು. ಅದಕ್ಕೆ ಆರೂ ತೆರೆದಿಡಬೇಡಿ. ನಾಲ್ಕಕ್ಕೆ ಬಿರಡೆ ಹಾಕಿ ಮುಚ್ಚಿ, ಎರಡು ಮಾತ್ರ ಬಿಡಿ, ಕಾವಲು ಕಾಯಲು ಸುಲಭ. ಜೋಡಿ ಬಂದ ಹಾಗೆ ಒಂದೊಂದೇ ತೆರೆಯಿರಿ.

ನನ್ನದು ಪ್ಲಾಸ್ಟಿಕ್ ಅಲ್ಲ, ನಿಜವಾದ ಸೋರೆಬುರುಡೆ. ಯುರೋಪಿನವರು ಬರುವ ಮೊದಲೇ ಇಲ್ಲಿನ ಮೂಲನಿವಾಸಿಗಳು ಟೊಳ್ಳು ಸೋರೆಬುರುಡೆಯನ್ನು ಕಂಬಕ್ಕೆ ಕಟ್ಟಿ ಈ ಹಕ್ಕಿಗೆ ಮನೆ ಕೊಡುತ್ತಿದ್ದರು. ಆ ಸೋರೆ ನಮ್ಮ ಸಾರಿನ ಸೋರೆಕಾಯಿಯದೇ ಜಾತಿ, ನಮ್ಮಲ್ಲಿ ಬೀಜ ಇಡಲು, ತಂಬೂರಿ ಮಾಡಲು ಬಳಸುವುದೂ ಅದೇ. ಇದು ಗೊತ್ತಾದ ದಿನ ಅಂಗಡಿಯಿಂದ ಬುರುಡೆ ತರುವ ಮನಸ್ಸೇ ಬರಲಿಲ್ಲ. ಹಿತ್ತಿಲಲ್ಲಿ ದಪ್ಪ ಹೊಟ್ಟೆಯ ಜಾತಿ ಬೆಳೆದೆ, ಬಳ್ಳಿಯಲ್ಲೇ ಬಲಿಯಲು ಬಿಟ್ಟೆ. ಚಳಿಗಾಲವಿಡೀ ಶೆಡ್‌ನಲ್ಲಿ ಒಣಗಿಸಿದೆ. ಮೈಮೇಲೆ ಕಪ್ಪು ಬೂಷ್ಟು ಬರುತ್ತದೆ, ಕೊಳೆಯಿತು ಅಂತ ಎಸೆಯಬೇಡಿ, ಅದು ಒಣಗುವ ರೀತಿಯೇ ಹಾಗೆ. ಅಲ್ಲಾಡಿಸಿದರೆ ಬೀಜ ಗಿಲಗಿಲ ಅನ್ನಬೇಕು, ಆಗ ಒಣಗಿದೆ ಅಂತ ಲೆಕ್ಕ. ಬೂಷ್ಟು ಉಜ್ಜಿ ತೊಳೆದು, ಬಾಗಿಲಿಗೆ ಲಾಕ್ ಕೂರಿಸಲು ತೂತು ಕೊರೆಯುವ ಗರಗಸದ ಬಿಟ್ ಇರುತ್ತದಲ್ಲ, ಅದು ಸರಿಯಾಗಿ 2 1/8 ಇಂಚು, ಅದರಲ್ಲೇ ಬಾಯಿ ಕೊರೆಯಿರಿ. ಮಾಸ್ಕ್ ಹಾಕಿಕೊಂಡೇ ಕೊರೆಯಬೇಕು, ಒಳಗಿನ ಧೂಳು ಎದೆಗೆ ಒಳ್ಳೆಯದಲ್ಲ. ತಳದಲ್ಲಿ ನೀರು ಇಳಿಯಲು ನಾಲ್ಕು ಸಣ್ಣ ತೂತು, ಮೇಲೆ ಬಿಳಿ ಬಣ್ಣ ಎರಡು ಮೂರು ಸಲ, ಬಿಸಿಲಿಗೆ ಮರಿ ಬೇಯಬಾರದು. ನಮ್ಮ ಟೆಕ್ಸಾಸ್ ಬಿಸಿಲಿನಲ್ಲಿ ಇದು ತಪ್ಪಿಸುವ ಹಾಗೇ ಇಲ್ಲ.


ಮೈಸೂರು_ಕವಲುತೋಕೆ
ಮೇ 11

ಮೇಡಂ, ನಾನು ಮೈಸೂರಿನಲ್ಲಿ ಇದ್ದೇನೆ, ಪರ್ಪಲ್ ಮಾರ್ಟಿನ್ ಕಣ್ಣಾರೆ ನೋಡಿಲ್ಲ, ನಮ್ಮ ದೇಶಕ್ಕೆ ಅದು ಬರುವುದಿಲ್ಲ. ಆದರೆ ಅದೇ ಬಳಗದ ಕವಲುತೋಕೆಗಳನ್ನು ಪ್ರತಿ ಚಳಿಗಾಲ ಕೆರೆ ಮೇಲೆ, ಕರೆಂಟ್ ತಂತಿ ಮೇಲೆ ನೂರಾರು ನೋಡುತ್ತೇನೆ. ಇಲ್ಲಿ ಅವು ಗೂಡು ಮಾಡುವುದಿಲ್ಲ, ಚಳಿ ಕಳೆದ ಮೇಲೆ ಉತ್ತರಕ್ಕೆ ಹೋಗಿ ಮಾಡುತ್ತವೆ. ಸೊಂಟ ಕೆಂಪಗಿರುವ ಇನ್ನೊಂದು ಜಾತಿ ಇದೆ, ಅದು ಸೇತುವೆ, ಮೋರಿ ಅಡಿಯಲ್ಲಿ ಕೆಸರಿನ ಉಂಡೆ ಉಂಡೆ ಅಂಟಿಸಿ ಹೂಜಿ ಥರ ಗೂಡು ಕಟ್ಟುತ್ತದೆ. ಇಲ್ಲಿ ಬುರುಡೆ ಕಟ್ಟಿದರೆ ಇವು ಯಾವುವೂ ಬರುವುದಿಲ್ಲ, ಅದಕ್ಕೆ ನಿಮ್ಮ ವಿಷಯ ಓದಿದರೆ ಹೊಟ್ಟೆಕಿಚ್ಚಾಗುತ್ತದೆ.

ನಾನು ಬರೆಯುತ್ತಿರುವುದು ನಿಮ್ಮ ಅತ್ತೆಯವರಿಗಾಗಿ. ನಾನು ಇಲ್ಲಿ ಗುಬ್ಬಚ್ಚಿಗೆ ಮರದ ಪೆಟ್ಟಿಗೆ ಮಾಡಿ ಹಂಚುತ್ತೇನೆ. 32 ಮಿಲಿಮೀಟರ್ ತೂತು, ಮಾಡಿನ ಕೆಳಗೆ, ಬೆಕ್ಕಿಗೆ ಎಟುಕದ ಎತ್ತರದಲ್ಲಿ. ಹಂಚಿನ ಮನೆ ಹೋಗಿ ಆರ್‌ಸಿಸಿ ಬಂದ ಮೇಲೆ ಅವಕ್ಕೆ ಸಂದು ಇಲ್ಲ, ಅಂಗಳದಲ್ಲಿ ಕೇರುವವರಿಲ್ಲ, ಹಾಗಾಗಿ ನುಚ್ಚೂ ಇಲ್ಲ. ಒಂದೇ ಹಕ್ಕಿ, ಇಲ್ಲಿ ಮನೆ ಕಳಕೊಂಡಿದೆ, ಅಲ್ಲಿ ಬೇರೆಯವರ ಮನೆ ಕಿತ್ತುಕೊಂಡಿದೆ. ತಪ್ಪು ಅದರದ್ದಲ್ಲ. ಆದರೆ ಅದು ಹುಟ್ಟಿ ಬೆಳೆದ ಊರಲ್ಲಿ ಅದನ್ನು ಉಳಿಸಬೇಕು, ಅಲ್ಲಿ ಮಾರ್ಟಿನ್‌ನ್ನು ಉಳಿಸಬೇಕು. ಅತ್ತೆಯವರು ಆಗಸ್ಟ್‌ನಲ್ಲಿ ಹಾಸನಕ್ಕೆ ಬಂದ ಮೇಲೆ ತಿಳಿಸಿ, ಎರಡು ಪೆಟ್ಟಿಗೆ ಕೊಡುತ್ತೇನೆ. ಮನೆ ಸುತ್ತ ಈಗ ಗುಬ್ಬಿ ಇಲ್ಲದಿದ್ದರೂ ಒಂದು ಕಿಲೋಮೀಟರ್ ಒಳಗೆ ಎಲ್ಲಾದರೂ ಅಂಗಡಿ ಬೀದಿಯಲ್ಲಿ ಇರಬಹುದು, ಹುಡುಕಿ ನೋಡಲಿ.


ಲ್ಯಾಂಕಾಸ್ಟರ್_ಗೌಡ
ಮೇ 11

ಮೈಸೂರಿನವರು ಹೇಳಿದ್ದು ಸರಿಯಾಗಿದೆ.

ಸುಮಾ ಅವರೇ, ಒಂದು ಕೇಳಲು ಮರೆತೆ. ಕಂಬಕ್ಕೆ ತಗಡಿನ ಕೊಳವೆ ಹಾಕಿದ್ದೀರಾ? ನಿಮ್ಮ ಕಡೆ ರ್‍ಯಾಟ್ ಸ್ನೇಕ್ ಜಾಸ್ತಿ. ನುಣ್ಣನೆಯ ಕಬ್ಬಿಣದ ಕಂಬವನ್ನೂ ಹತ್ತುತ್ತದೆ, ಒಂದೇ ರಾತ್ರಿಗೆ ಎರಡು ಮೂರು ಬುರುಡೆ ಖಾಲಿ ಮಾಡುತ್ತದೆ. ರಕೂನ್ ಅಂತೂ ಕೈ ಹಾಕಿ ಮರಿ ಎಳೆಯುತ್ತದೆ. ಒಮ್ಮೆ ಹೀಗಾದರೆ ಉಳಿದ ಹಕ್ಕಿಗಳು ಆ ಜಾಗವನ್ನೇ ಬಿಡುತ್ತವೆ. ಒಲೆಯ ಹೊಗೆ ಕೊಳವೆ ಸಿಗುತ್ತದೆ, 8 ಇಂಚು ದಪ್ಪ, ಎರಡು ಮೂರು ಅಡಿ ಉದ್ದ. ಮೇಲ್ಬಾಯಿ ಮುಚ್ಚಿ ಕಂಬದ ನಡುವೆ ಸಡಿಲವಾಗಿ ಕೂರಿಸಿ. ಹಕ್ಕಿ ಬರುವ ಮೊದಲೇ ಹಾಕಿ.


ಕ್ಯಾರಿ_ಸುಮಾ
ಜೂನ್ 6

ಇಷ್ಟು ದಿನ ಬರೆಯಲಿಲ್ಲ, ಏನಾದರೂ ಆದ ಮೇಲೇ ಬರೆಯೋಣ ಅಂತ ಇದ್ದೆ.

ಮೇ 17ಕ್ಕೆ ಕಂಬ ಸರಿಸಿದೆವು. ನಕ್ಷೆ ಬರೆದು ಕೊಟ್ಟಿದ್ದು ಕೆಲಸ ಮಾಡಿತು. ಈಗ ಕೊಳದ ಪಕ್ಕ, ಮರದಿಂದ 55 ಅಡಿ, ಮನೆಯಿಂದ 70. ತಗಡಿನ ಕೊಳವೆಯನ್ನೂ ಹಾಕಿದೆವು. ಕಂಬ ಕೀಳುವ ಮೊದಲು ಮೂರೂ ಗುಬ್ಬಿ ಗೂಡು ನಾನೇ ತೆಗೆದೆ. ಎರಡರಲ್ಲಿ ಬರೀ ಹುಲ್ಲು. ಒಂದರಲ್ಲಿ ನಾಲ್ಕು ಮೊಟ್ಟೆ ಇದ್ದವು. ತುಂಬಾ ಹೊತ್ತು ಕೈಯಲ್ಲಿ ಹಿಡಿದು ನಿಂತಿದ್ದೆ. ಅತ್ತೆ ಬಂದು ನನ್ನ ಕೈಯಿಂದ ತೆಗೆದುಕೊಂಡರು, ಮಲ್ಲಿಗೆ ಕುಂಡದ ಮಣ್ಣಲ್ಲಿ ಇಟ್ಟು ಮುಚ್ಚಿದರು. ಆ ಗಂಡು ಗುಬ್ಬಿ ಆಮೇಲೂ ನಾಲ್ಕು ಸಲ ಹುಲ್ಲು ತಂದಿತು, ನಾಲ್ಕು ಸಲವೂ ತೆಗೆದೆ. ಈಗ ಮುಂದಿನ ಬೀದಿ ಕಡೆ ಎಲ್ಲೋ ಹೋಗಿದೆ.

ಬೆಳಗಿನ ಹಾಡಿಗೆ ಟೈಮರ್ ಬೇಕಾಗಲಿಲ್ಲ, ಅತ್ತೆ ಹೇಗೂ ನಾಲ್ಕೂವರೆಗೆ ಏಳುತ್ತಾರೆ, ಅವರೇ ಹಾಕುತ್ತಿದ್ದರು. ಹುಚ್ಚೆಳ್ಳಿನ ಕೊಳವೆಗೆ ಗೋಲ್ಡ್‌ಫಿಂಚ್ ಬರುತ್ತಿವೆ. ಇದನ್ನು ನಾವು ತಿನ್ನುತ್ತೇವೆ ಅಂತ ಪಕ್ಕದ ಮನೆಯವರಿಗೆ ಚಟ್ನಿಪುಡಿ ಮಾಡಿ ಕೊಟ್ಟರು, ಅದಕ್ಕೆ ಮಾತ್ರ ಊರಿಂದ ತಂದಿದ್ದ ಹುಚ್ಚೆಳ್ಳು. ಸೊಳ್ಳೆ ವಿಷಯವನ್ನೂ ಆಗಲೇ ಹೇಳಿದೆ. ಪಾಪ, ಬೇಜಾರು ಮಾಡಿಕೊಳ್ಳಲಿಲ್ಲ.

ಮೇ 24, ಶನಿವಾರ ಬೆಳಗ್ಗೆ ಆರೂವರೆ. ಸುಮಾ, ಬೇಗ ಬಾ ಅಂತ ಅತ್ತೆ ಕೂಗಿದರು. ಕಂಬದ ಮೇಲೆ ಮೂರು ಇದ್ದವು. ಒಂದರ ಗಂಟಲಲ್ಲಿ ಗೌಡರು ಹೇಳಿದ ಹಾಗೇ ಶಾಯಿ ಚೆಲ್ಲಿದಂಥ ಮಚ್ಚೆ. ಗಂಟಲೊಳಗೆ ನೀರು ಗುಳುಗುಳು ಮಾಡಿದಂಥ ಒಂದು ದನಿ. ಮೂರನೆಯದು ಹೊರಟುಹೋಯಿತು, ಎರಡು ಉಳಿದವು. ವಾರದಲ್ಲಿ ಕೊಳದ ಅಂಚಿಂದ ಕೆಸರು ತಂದು ಬುರುಡೆ ಬಾಯಿ ಹತ್ತಿರ ಒಂದು ಸಣ್ಣ ದಿಂಡು ಕಟ್ಟಿವೆ, ಒಳಗೆ ಪೈನ್ ಎಲೆ, ಕಡ್ಡಿ. ಮೊನ್ನೆಯಿಂದ ಹಸಿರು ಎಲೆ ತರುತ್ತಿವೆ, ಒಂದು ಎಲೆ ಬಾಯಲ್ಲಿ ಅಡ್ಡ ಹಿಡಿದು ತೂತಿನೊಳಗೆ ಹೋಗಲಾರದೆ ಮೂರು ಸಲ ತಿರುಗಿಸಿ, ಕೊನೆಗೆ ತೊಟ್ಟಿನ ಕಡೆಯಿಂದ ಒಳಗೆ ಎಳೆದುಕೊಂಡಿತು. ನಾನು ಕಿಟಕಿ ಹತ್ತಿರ ಕಾಫಿ ಆರಿಸಿಕೊಂಡು ನೋಡುತ್ತಿದ್ದೆ.

ಈಗ ಬುರುಡೆ ಇಳಿಸಿ ಒಳಗೆ ನೋಡಬಹುದಾ? ಮುಟ್ಟಿದರೆ ತಾಯಿ ಬಿಟ್ಟು ಹೋಗುತ್ತದೆ ಅಂತ ಅತ್ತೆ ಬಿಡುತ್ತಿಲ್ಲ.


ಲ್ಯಾಂಕಾಸ್ಟರ್_ಗೌಡ
ಜೂನ್ 7

ಓದಿ ಕಣ್ಣು ತುಂಬಿ ಬಂತು ತಾಯಿ.

ಹಸಿರು ಎಲೆ ತರುತ್ತಿವೆ ಅಂದರೆ ಮೊಟ್ಟೆ ಇಡುವ ಹೊತ್ತು ಹತ್ತಿರ ಬಂತು, ಇಲ್ಲ ಆಗಲೇ ಇಟ್ಟಿರಬಹುದು. ದಿನಕ್ಕೊಂದರಂತೆ ಬೆಳಗಿನ ಹೊತ್ತು ಇಡುತ್ತದೆ, ಮೂರರಿಂದ ಆರು. ಎಳೆಯ ಹೆಣ್ಣಾದರೆ ಸ್ವಲ್ಪ ಕಡಿಮೆ. ಕಾವು ಸುಮಾರು 15-16 ದಿನ, ಮರಿ ಹಾರಲು ನಾಲ್ಕು ವಾರ. ಜುಲೈ ಕೊನೆ ಹೊತ್ತಿಗೆ ನಿಮ್ಮ ಹಿತ್ತಿಲಿಂದ ಹಾರುತ್ತವೆ.

ಇಳಿಸಿ ನೋಡಿ, ಧೈರ್ಯವಾಗಿ. ಮನುಷ್ಯರ ಕೈ ತಾಗಿತು ಅಂತ ಈ ಹಕ್ಕಿ ಗೂಡು ಬಿಡುವುದಿಲ್ಲ. ವಾರಕ್ಕೊಮ್ಮೆ ನೋಡುವುದು ಒಳ್ಳೆಯದೇ, ಗುಬ್ಬಿ ನುಗ್ಗಿದೆಯಾ, ಮರಿಗೆ ಹುಳ ಹತ್ತಿದೆಯಾ ಗೊತ್ತಾಗುತ್ತದೆ. ಬೆಳಗ್ಗೆ ಬೇಡ, ಮೊಟ್ಟೆ ಇಡುವ ಹೊತ್ತು. ಮಳೆ ಬರುವಾಗ, ಚಳಿಯಲ್ಲಿ ಬೇಡ. ಮಧ್ಯಾಹ್ನ ಬಿಸಿಲಿರುವಾಗ ನಿಧಾನವಾಗಿ ಇಳಿಸಿ, ಎರಡು ನಿಮಿಷದಲ್ಲಿ ನೋಡಿ, ಮೊದಲು ಯಾವ ದಿಕ್ಕಿಗೆ ಮುಖ ಇತ್ತೋ ಅದೇ ದಿಕ್ಕಿಗೆ ಇರುವ ಹಾಗೆ ಮೇಲೇರಿಸಿ. ಬುರುಡೆ ತಿರುಗಿದರೆ ತಮ್ಮ ಮನೆ ಯಾವುದು ಅಂತ ಗಲಿಬಿಲಿ ಆಗುತ್ತವೆ. ಮರಿಗೆ 22 ದಿನ ದಾಟಿದ ಮೇಲೆ ಇಳಿಸಬೇಡಿ, ಹೆದರಿ ಹಾರಲು ಬರುವ ಮೊದಲೇ ಜಿಗಿದುಬಿಡುತ್ತವೆ.

ಮಳೆ ಹಿಡಿದರೆ ಮಾತ್ರ ಎಚ್ಚರ. 1972ರ ಜೂನ್‌ನಲ್ಲಿ ಆಗ್ನೆಸ್ ಚಂಡಮಾರುತದ ಮಳೆ ದಿನಗಟ್ಟಲೆ ಬಿಡದೆ ಹಿಡಿದು ನಮ್ಮ ಪೆನ್ಸಿಲ್ವೇನಿಯಾದಲ್ಲಿ ಲೆಕ್ಕವಿಲ್ಲದಷ್ಟು ಮಾರ್ಟಿನ್ ಹಸಿವಿಗೆ ಸತ್ತವು. ಮಳೆಯಲ್ಲಿ ಹುಳ ಹಾರುವುದಿಲ್ಲ, ಹಾರದ ಹುಳ ಇವಕ್ಕೆ ಸಿಗುವುದಿಲ್ಲ. ಪಕ್ಕದ ಹೊಲದ ಅಜ್ಜ ಅದನ್ನು ಹೇಳುವಾಗ ಈಗಲೂ ಮಾತು ನಿಲ್ಲಿಸಿಬಿಡುತ್ತಾರೆ. ಈಗ ನಾವು ಎರಡು ಮೂರು ದಿನ ಚಳಿ ಮಳೆ ಹಿಡಿದರೆ ಮೀನಿನ ಗಾಳಕ್ಕೆ ಸಿಕ್ಕಿಸಲು ಮಾರುವ ಜೀರುಂಡೆ ತಂದು ಚಮಚದಿಂದ ಮೇಲಕ್ಕೆ ಚಿಮ್ಮುತ್ತೇವೆ, ಗಾಳಿಯಲ್ಲೇ ಹಿಡಿಯುತ್ತವೆ. ಬೇಯಿಸಿ ಪುಡಿ ಮಾಡಿದ ಮೊಟ್ಟೆಯನ್ನೂ ಹೀಗೇ ಕೊಡಬಹುದು. ಆದರೆ ಹೊಸ ಹಕ್ಕಿಗಳಿಗೆ ಇದು ಊಟ ಅಂತ ಅರ್ಥವಾಗಲು ಹೊತ್ತು ಬೇಕು, ಒಂದೇ ದಿನಕ್ಕೆ ಕೈಬಿಡಬೇಡಿ.

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಇಳಿಸಿ ನೋಡಿದ ದಿನ ಎಷ್ಟು ಮೊಟ್ಟೆ ಅಂತ ಇಲ್ಲೇ ಬರೆಯಿರಿ.


ಕ್ಯಾರಿ_ಸುಮಾ
ಜೂನ್ 7

ಈಗ ತಾನೇ ಇಳಿಸಿದೆವು. ಎಲೆ ಪಕ್ಕಕ್ಕೆ ಸರಿಸಿದ್ದು ಅತ್ತೆ. ಎರಡು ಮೊಟ್ಟೆ, ಅಚ್ಚ ಬಿಳಿ.